ಕಾಡತೂಸಿನ ಜಿಡ್ಡು

ಸಿಪಾಯಿ ದಂಗೆಯ ಮಾತು ಬಂದಾಗಲೆಲ್ಲ ಹಸುವಿನ ಕೊಬ್ಬು, ಹಂದಿಯ ಕೊಬ್ಬು ಎಂಬ ಮಾತುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಶಾಲೆಯ ಮಕ್ಕಳೂ ಬಲ್ಲ ಸಂಗತಿ ಇದು. ಆದರೆ ಕಾಡತೂಸಿಗೆ ಜಿಡ್ಡನ್ನು ಸವರಬೇಕಾದುದಾದರೂ ಏತಕ್ಕೆ, ಸವರಿದುದನ್ನು ಒರಸಿ ತೆಗೆದುಬಿಟ್ಟಿದ್ದರೆ ಸಾಕಾಗುತ್ತಿರಲಿಲ್ಲವೆ, ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಮೀರತ್ತಿಗೂ ಹೋಗುತ್ತೇವೆ, ನಮ್ಮ ಧಾರವಾಡದ ಸೀಮೆಗೂ ಬರುತ್ತೇವೆ.

ಆಗಿನ ಕಾಡತೂಸು ಈಗಿನಂತೆ ಹಿತ್ತಾಳೆಯದಲ್ಲ. ಕೈಯಿಂದ ಸುತ್ತಿದ ಕಾಗದದ ಸುರುಳಿ. ಒಳಗೆ ಒಂದು ಕಡೆ ಮದ್ದು, ಇನ್ನೊಂದು ಕಡೆ ಸೀಸದ ಗುಂಡು. ಸಿಪಾಯಿಯು ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯೊಳಗೆ ಸುರಿದು, ಸುರುಳಿಯನ್ನು ತಿರುವಿ, ಗುಂಡನ್ನು ಅದರ ಕಾಗದದೊಡನೆಯೇ ಸಲಾಕೆಯಿಂದ ಕೆಳಕ್ಕೆ ದೂಡಬೇಕಾಗಿತ್ತು. ಹಳೆಯ ಬಂದೂಕಿನ ನಳಿಗೆ ನುಣುಪು. ಗುಂಡು ಸಡಿಲವಾಗಿ ಇಳಿಯುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಗೆಯಲ್ಲಾದರೋ ಮೂರು ಸುರುಳಿಗೀರುಗಳಿದ್ದುವು. ನಳಿಗೆಯ ಬಾಯಿ ಅಂಗುಲದ ಸಾವಿರದಲ್ಲಿ 577 ಭಾಗ. ಗುಂಡು 568 ಭಾಗ. ಈ ಒಂಬತ್ತು ಭಾಗದ ಸಂದಿನಲ್ಲಿ ಕಾಗದವೂ ಸೇರಬೇಕು.

ಕಪ್ಪು ಮದ್ದು ಉರಿದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿಯೂ ಕಿಟ್ಟವಾಗಿಯೂ ಉಳಿಯುತ್ತದೆ. ಬಿಸಿಲುನಾಡಿನ ಒಣಹವೆಯಲ್ಲಿ ಈ ಕಿಟ್ಟ ಗಟ್ಟಿಯಾಗಿ ಗೀರುಗಳನ್ನು ತುಂಬುತ್ತದೆ. ಕೆಲವು ಸುತ್ತು ಹಾರಿಸಿದ ಮೇಲೆ ಗುಂಡು ಇಳಿಯುವುದೇ ಕಷ್ಟ. ಜಿಡ್ಡಿದ್ದರೆ ಕಿಟ್ಟ ಮೆದುವಾಗಿ ಉಳಿದು, ಮುಂದಿನ ಗುಂಡೇ ಅದನ್ನು ಒರಸಿಕೊಂಡು ಇಳಿಯುತ್ತದೆ. ಆದುದರಿಂದ ಜಿಡ್ಡನ್ನು ಪೂರ್ತಿಯಾಗಿ ಬಿಟ್ಟುಬಿಡುವಂತಿರಲಿಲ್ಲ. ಯಾವ ಜಿಡ್ಡು ಎಂಬುದೇ ಪ್ರಶ್ನೆ.

ಇಲ್ಲಿಯೇ ನಮಗೆ ಕುಂಪಣಿಯ ಅಧಿಕಾರಿಗಳ ಅಲಕ್ಷ್ಯ ಸ್ಪಷ್ಟವಾಗಿ ಕಾಣುವುದು. ಪ್ರಾಣಿಯ ಕೊಬ್ಬು ಈ ಕೆಲಸಕ್ಕೂ ಅಷ್ಟೇನೂ ಒಳ್ಳೆಯದಲ್ಲ. ನಮ್ಮ ಬೇಸಗೆಯಲ್ಲಿ ಅದು ಕರಗಿ ಕಾಗದಕ್ಕೆ ಹೀರಿಹೋಗುತ್ತದೆ. ಸೀಸದೊಡನೆ ಕೂಡಿ ಒಂದು ಬಗೆಯ ಸಾಬೂನಾಗಿ ಗುಂಡಿನ ಮೈಯನ್ನು ಕೆಡಿಸುತ್ತದೆ. ಜೇನುಮೇಣಕ್ಕೆ ಈ ದೋಷಗಳಿಲ್ಲ. ದಂಗೆ ಅಡಗಿದ ಮೇಲೆ ಇಂಗ್ಲಿಷರೇ ಮೇಣವನ್ನು ಹೆಚ್ಚಿಸಿ ಕೊಬ್ಬನ್ನು ತಗ್ಗಿಸಿದರು. 1853ರಲ್ಲಿಯೇ ಕರ್ನಲ್ ಟಕರನು ಈ ವಿಷಯದಲ್ಲಿ ಎಚ್ಚರಿಕೆ ಹೇಳಿದ್ದನು, ಕಿವಿಗೊಟ್ಟವರಿಲ್ಲ. ಕಲ್ಕತ್ತೆಯ ಕೋಟೆಯ ಕಾರ್ಖಾನೆಗೆ ಕೊಬ್ಬು ಒದಗಿಸಿದ ಗುತ್ತಿಗೆದಾರನನ್ನು, ಇದು ಯಾವ ಪ್ರಾಣಿಯದು ಎಂದು ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ.

1857ರ ಜನವರಿಯಲ್ಲಿ ಡಂಡಮ್ಮಿನಲ್ಲಿ ಸುದ್ದಿ ಹಬ್ಬಿತು. ಸರಕಾರವು ಬೇಗನೆ ಎಚ್ಚತ್ತಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಅದೇ ತಿಂಗಳ 27ರಂದು, ಜಿಡ್ಡಿಲ್ಲದ ಕಾಡತೂಸನ್ನು ಕೊಡತಕ್ಕದ್ದು, ಸಿಪಾಯಿಗಳು ತಮಗೆ ಒಪ್ಪಿಗೆಯಾದುದನ್ನು ತಾವೇ ಸವರಿಕೊಳ್ಳಬಹುದು ಎಂದು ಅಪ್ಪಣೆಯಾಯಿತು. ಮುಂದೆ, ಹಲ್ಲಿನಿಂದ ಕಚ್ಚಬೇಕಾಗಿಲ್ಲ, ಕೈಯಿಂದ ಹರಿದರೆ ಸಾಕು ಎಂದೂ ಆಯಿತು. ಆದರೆ ಜಿಡ್ಡು ಹೋದರೂ ಸಂಶಯ ಹೋಗಲಿಲ್ಲ. ಅದು ಜಿಡ್ಡಿನಿಂದ ಕಾಗದಕ್ಕೆ ಹಾರಿತು. ಕಾಗದವೇಕೆ ಹೊಳೆಯುತ್ತಿದೆ? ಫೆಬ್ರವರಿಯಲ್ಲಿ ಬರಹಾಂಪುರದ 19ನೆಯ ಪಡೆ ನಿರಾಕರಿಸಿದ್ದು ಎನ್‌ಫೀಲ್ಡಿನ ಕಾಡತೂಸನ್ನಲ್ಲ, ಹಳೆಯ ಬಂದೂಕಿನ ಜಿಡ್ಡಿಲ್ಲದ ಕಾಡತೂಸನ್ನು. ಕಾಗದವನ್ನು ರಸಾಯನಜ್ಞರು ಪರೀಕ್ಷಿಸಿದರು, ಕೊಬ್ಬು ಸಿಕ್ಕಲಿಲ್ಲ. ಅದರಿಂದ ಪ್ರಯೋಜನವೇನು? ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಮಂದಿ ಸವಾರರಲ್ಲಿ 85 ಮಂದಿ ಮುಟ್ಟಲೊಲ್ಲೆವೆಂದುದೂ ಹಳೆಯ ಬಗೆಯದನ್ನೇ. ಮೇ 10ರಂದು ದಂಗೆಯೆದ್ದಿತು. ಸಿಪಾಯಿಗಳು ಮೂಢರೆಂದು ಇಂಗ್ಲಿಷ್ ಗ್ರಂಥಕರ್ತರು ಬರೆದುದುಂಟು. ನಮಗೆ ಹಾಗೆ ತೋರುವುದಿಲ್ಲ. ಮೊದಲ ಸಂಶಯ ಸಕಾರಣವಾಗಿತ್ತು. ಒಮ್ಮೆ ಸತ್ಯವಾದ ಸಂಶಯವನ್ನು ಎರಡನೆಯ ಸಲ ಯಾರು ತಾನೆ ಅಲ್ಲಗಳೆದಾರು?

ಇನ್ನು ನಮ್ಮ ಕಡೆಗೆ ಬರೋಣ. ಆಗ ಮುಂಬಯಿ ಸೈನ್ಯದ 27ನೆಯ ಪಡೆ ಕೊಲ್ಹಾಪುರದಲ್ಲಿಯೂ, 28ನೆಯದು ಧಾರವಾಡದಲ್ಲಿಯೂ, 29ನೆಯದು ಬೆಳಗಾವಿಯಲ್ಲಿಯೂ ಇದ್ದುವು. ಜುಲೈ 31ರಂದು ಕೊಲ್ಹಾಪುರದ ಪಡೆ ತಿರುಗಿಬಿದ್ದಿತು. ಧಾರವಾಡದ ಪಡೆ ಏಳಲಿಲ್ಲ. ನಮ್ಮ ಸೀಮೆಯಲ್ಲಿ ಕಿಚ್ಚು ಹತ್ತಿದುದು ದಂಡಿನ ಠಾಣ್ಯದಲ್ಲಲ್ಲ, ಊರುಗಳಲ್ಲಿ. ಅದಕ್ಕೆ ಕಾರಣ, ಅದೇ ವರ್ಷ ಜಾರಿಗೆ ಬಂದ ನಿಶ್ಶಸ್ತ್ರೀಕರಣದ ಕಾಯಿದೆ. ಉತ್ತರದಲ್ಲಿ ಬಂದೂಕಿಗೆ ಏನನ್ನು ಸವರುತ್ತೀರಿ ಎಂಬ ಜಗಳ. ಇಲ್ಲಿ ಬಂದೂಕು ಕೈಯಲ್ಲಿರಬೇಕೆ ಬೇಡವೆ ಎಂಬ ಜಗಳ.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬೇಟೆಯ ಆಯುಧವೆಂದರೆ ಕುಲದ ಗುರುತು, ಹೊಟ್ಟೆಯ ಆಧಾರ. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು; ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಮೀರತ್ತಿನ ಸವಾರರ ಕಥೆ ದೇಶವೆಲ್ಲ ಬಲ್ಲುದು. ಇವರದು ಕೃಷ್ಣಾ ತುಂಗಭದ್ರೆಗಳ ನಡುವಣ ಜನಕ್ಕಷ್ಟೇ ಗೊತ್ತು, ಅದೂ ಬಹುಮಟ್ಟಿಗೆ ಲಾವಣಿಯ ದೆಸೆಯಿಂದ.

ಹುಬ್ಬಳ್ಳಿಯ ಈಶಾನ್ಯಕ್ಕಿರುವ ನರಗುಂದದ ಬಾಬಾಸಾಹೇಬ, ಎಂದರೆ ಭಾಸ್ಕರರಾವ್ ಭಾವೆಗೆ, ದತ್ತಕವನ್ನು ನಿರಾಕರಿಸಿದ ಅವಮಾನವೊಂದಿತ್ತು. ಅದರ ಮೇಲೆ ಫಿರಂಗಿಗಳನ್ನು ಒಪ್ಪಿಸೆಂಬ ಒತ್ತಾಯ ಬಂದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನು ಹತನಾದನು. ಜೂನ್ ಮೊದಲಲ್ಲಿ ನರಗುಂದದ ಕೋಟೆ ಬಿದ್ದಿತು. 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು.

ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು, ಅದೇ ಇಂಗ್ಲಿಷ್ ಸರಕಾರದ ಅಧಿಕಾರಿಯಾಗಿದ್ದ ಜಾನ್ ಫ್ಲೀಟ್.