ಬಿಳಿಯುಡುಗೆಯ ಹೆಣ್ಣು: ಒಂದು ತಾರೀಖಿನ ಕಥೆ

ಶಾಲೆಯ ದಾಖಲಾತಿ, ಪಡಿತರ ಚೀಟಿ, ಕಾಲೇಜಿನ ಗುರುತಿನ ಚೀಟಿ: ನಾವು ಯಾರೆಂದು ಹೇಳಲು ನಮ್ಮ ಬಳಿ ಹತ್ತಾರು ಕಾಗದಗಳಿವೆ. ಆ ಕಾಗದಗಳೆಲ್ಲ ಒಟ್ಟಾಗಿ ‘ನೀನು ನೀನಲ್ಲ’ ಎಂದುಬಿಟ್ಟರೆ ಏನು ಗತಿ? ಎದುರಿಗೆ ನಿಂತ ಹೆಣ್ಣುಮಗಳೊಬ್ಬಳು ತನ್ನ ಹೆಸರು ಹೇಳುತ್ತಿದ್ದಾಳೆ. ಆದರೆ ಅದೇ ಹೆಸರಿನ ಸಮಾಧಿ ಊರಿನಲ್ಲಿದೆ, ವೈದ್ಯರು ಕೊಟ್ಟ ಮರಣಪತ್ರವೂ ಇದೆ. ಆಗ ಯಾರನ್ನು ನಂಬಬೇಕು?

ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಯ ಮೇಲೆ ನಿಂತಿರುವ ಒಂದು ಕಾದಂಬರಿ ಇಂಗ್ಲಿಷಿನಲ್ಲಿದೆ. ವಿಲ್ಕೀ ಕಾಲಿನ್ಸ್ ಬರೆದ ‘ದಿ ವುಮನ್ ಇನ್ ವೈಟ್’. ಪ್ರೇಮ, ಅಪಹರಣ, ತಪ್ಪು ಗುರುತು, ನಂಬಿಕೆ ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಂಡ ಕುತೂಹಲದ ಕಥೆ ಇದು. ಆದರೆ ಕೇವಲ ಕುತೂಹಲಕ್ಕಾಗಿ ಓದಿ ಮುಗಿಸುವ ಕಥೆಯಲ್ಲ. ಅದರ ಹಿಂದೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕಾನೂನು, ವೈದ್ಯಕೀಯ ಮತ್ತು ಸ್ತ್ರೀಯರ ಸ್ಥಿತಿಗತಿಗಳ ಚರಿತ್ರೆ ಅಡಗಿದೆ.

ವಾರಕ್ಕೊಂದು ಕಂತು

ಧಾರಾವಾಹಿಗೂ ನಮ್ಮ ಮಾಧ್ಯಮಕ್ಕೂ ಇರುವ ನಂಟು ಎಲ್ಲರಿಗೂ ಗೊತ್ತು. ದೂರದರ್ಶನ ಹುಟ್ಟುವ ಎಷ್ಟೋ ಮೊದಲೇ ಪತ್ರಿಕೆಗಳು ಆ ವಿದ್ಯೆಯನ್ನು ಕಲಿತಿದ್ದವು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ಈ ಕಾದಂಬರಿ 1859ರ ನವೆಂಬರ್ 26ರಿಂದ 1860ರ ಆಗಸ್ಟ್ 25ರವರೆಗೆ 40 ಕಂತುಗಳಲ್ಲಿ ಪ್ರಕಟವಾಯಿತು. ಡಿಕನ್ಸರ ‘ಎ ಟೇಲ್ ಆಫ್ ಟೂ ಸಿಟೀಸ್’ ಮುಗಿದ ಸಂಚಿಕೆಯಲ್ಲಿಯೇ ಇದು ಆರಂಭವಾಯಿತು. ಅಲ್ಲಿ ಇಬ್ಬರು ಗಂಡಸರ ಹೋಲಿಕೆಯಿಂದ ಒಬ್ಬನ ಜೀವ ಉಳಿಯುತ್ತದೆ. ಇಲ್ಲಿ ಇಬ್ಬರು ಹೆಂಗಸರ ಹೋಲಿಕೆಯಿಂದ ಒಬ್ಬಳ ಬಾಳು ಅಪಹರಣವಾಗುತ್ತದೆ. ಓದುಗರು ಮುಂದಿನ ಕಂತಿಗಾಗಿ ಕಾತರದಿಂದ ಕಾಯುತ್ತಿದ್ದರು. ಕಾದಂಬರಿಯ ಹೆಸರಿನ ಸುಗಂಧದ್ರವ್ಯ, ಟೋಪಿಗಳು ಕೂಡ ಮಾರುಕಟ್ಟೆಗೆ ಬಂದವು.

ಕಥೆ ಸ್ಥೂಲವಾಗಿ ಹೀಗಿದೆ. ವಾಲ್ಟರ್ ಹಾರ್ಟ್‌ರೈಟ್ ಎಂಬ ಚಿತ್ರಕಲೆಯ ಬಡ ಮೇಷ್ಟರು ಲಂಡನ್ನಿಗೆ ಸೇರುವ ದಾರಿಯಲ್ಲಿ ಒಂದು ರಾತ್ರಿ ಬಿಳಿಯುಡುಗೆ ತೊಟ್ಟ ಅಪರಿಚಿತ ಹೆಣ್ಣನ್ನು ಕಾಣುತ್ತಾನೆ. ಏನನ್ನೂ ಕೆದಕದೆ ಅವಳಿಗೆ ನೆರವಾಗುತ್ತಾನೆ. ಅವಳು ಹೋದ ಮೇಲೆ, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವಳು ಅವಳೆಂದು ತಿಳಿಯುತ್ತದೆ. ಅವಳೇ ಆ್ಯನ್ ಕ್ಯಾಥರಿಕ್. ಮುಂದೆ ವಾಲ್ಟರ್ ಪಾಠ ಹೇಳಲು ಹೋದ ಶ್ರೀಮಂತರ ಮನೆಯ ಹುಡುಗಿ ಲಾರಾ ಫೇರ್ಲಿ ನೋಡಲು ಅವಳಂತೆಯೇ ಇದ್ದಾಳೆ. ಇಬ್ಬರಿಗೂ ಪ್ರೀತಿ ಅಂಕುರಿಸುತ್ತದೆ. ಆದರೆ ತಂದೆಗೆ ಕೊಟ್ಟ ಮಾತಿನಂತೆ ಲಾರಾ ಸರ್ ಪರ್ಸಿವಲ್ ಗ್ಲೈಡ್ ಎಂಬವನನ್ನು ಮದುವೆಯಾಗುತ್ತಾಳೆ. ಅವಳು ಸತ್ತರೆ 20,000 ಪೌಂಡು ಗಂಡನ ಕೈಸೇರುತ್ತದೆ.

ಸಾಲದಲ್ಲಿ ಮುಳುಗಿದ್ದ ಗಂಡ ಮತ್ತು ಅವನ ಗೆಳೆಯ ಕೌಂಟ್ ಫಾಸ್ಕೋ ಸೇರಿ ಸಂಚು ಹೂಡುತ್ತಾರೆ. ಹೃದ್ರೋಗದಿಂದ ಸತ್ತ ಆ್ಯನ್‌ಳನ್ನು ಲಾರಾಳ ಹೆಸರಿನಲ್ಲಿ ಹೂಳಿಸುತ್ತಾರೆ. ಜೀವಂತ ಲಾರಾಳನ್ನು ಆ್ಯನ್ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ತಾನು ಲಾರಾ ಎಂದು ಅವಳು ಗೋಗರೆದರೆ, ಅವಳು ತೊಟ್ಟ ಬಟ್ಟೆಯ ಮೇಲೆ ಬರೆದಿದ್ದ ಆ್ಯನ್ ಎಂಬ ಹೆಸರನ್ನೇ ದಾದಿ ತೋರಿಸುತ್ತಾಳೆ. ಅವಳು ಹೇಳಿದ ಸತ್ಯವೇ ಅವಳ ಹುಚ್ಚಿಗೆ ಪುರಾವೆಯಾಗುತ್ತದೆ.

ಕಲ್ಪನೆಯ ಹಿಂದಿನ ವಾಸ್ತವ

ಇದು ಬರೀ ಕಟ್ಟುಕಥೆ ಎನ್ನುವಂತಿಲ್ಲ. ಕಾಲಿನ್ಸ್ ಪ್ಯಾರಿಸ್ಸಿನಲ್ಲಿ ಹಳೆಯ ಫ್ರೆಂಚ್ ಮೊಕದ್ದಮೆಗಳ ಸಂಪುಟಗಳನ್ನು ಕೊಂಡಿದ್ದರು. ಅದರಲ್ಲಿ ಮಾದಾಂ ದ ದೂವೋ ಎಂಬ ಶ್ರೀಮಂತ ವಿಧವೆಯ ಪ್ರಕರಣವಿತ್ತು. ಆಸ್ತಿಯ ಜಗಳದಲ್ಲಿ ಆಕೆಯನ್ನು ಬೇರೆ ಹೆಸರಿನಲ್ಲಿ ಪ್ಯಾರಿಸ್ಸಿನ ಸಾಲ್‌ಪೆತ್ರಿಯೇರ್ ಎಂಬಲ್ಲಿ ಕೂಡಿಹಾಕಲಾಯಿತು, ಆಕೆ ತೀರಿಕೊಂಡಳೆಂದು ಪ್ರಚಾರವಾಯಿತು ಎಂಬುದು ಆ ಮೊಕದ್ದಮೆಯ ಸಾರ. ಹೊರಬಂದ ಮೇಲೆ ವರ್ಷಗಟ್ಟಲೆ ಹೋರಾಡಿದರೂ ಆಕೆಗೆ ಕಾನೂನಿನಲ್ಲಿ ತನ್ನ ಹೆಸರು ಮರಳಿ ದಕ್ಕಲಿಲ್ಲ.

ಇಂಗ್ಲೆಂಡಿನಲ್ಲಿಯೂ ಉದಾಹರಣೆಗೆ ಕೊರತೆ ಇರಲಿಲ್ಲ. ಅಲ್ಲಿ 1845ರ ಕಾನೂನಿನ ಪ್ರಕಾರ ಹಣ ಕೊಟ್ಟು ಸೇರಿಸುವ ರೋಗಿಗೆ ಸಂಬಂಧಿಕರೊಬ್ಬರ ಕೋರಿಕೆ ಮತ್ತು ಇಬ್ಬರು ವೈದ್ಯರ ಸಹಿ ಇದ್ದರೆ ಸಾಕಾಗಿತ್ತು. 1858ರ ಜೂನ್‌ನಲ್ಲಿ ಸಚಿವರೂ ಕಾದಂಬರಿಕಾರರೂ ಆಗಿದ್ದ ಎಡ್ವರ್ಡ್ ಬುಲ್ವರ್ ಲಿಟ್ಟನ್ ಚುನಾವಣೆಗೆ ನಿಂತಾಗ, ಅವರಿಂದ ಬೇರೆಯಾಗಿದ್ದ ಪತ್ನಿ ರೊಸಿನಾ ಸಭೆಗೆ ಬಂದು ಬಹಿರಂಗವಾಗಿ ದೂಷಿಸಿದರು. ಸ್ವಲ್ಪ ದಿನಗಳಲ್ಲೇ ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಪತ್ರಿಕೆಗಳೂ ಜನರೂ ಗದ್ದಲವೆಬ್ಬಿಸಿದ ಮೇಲೆ ಸುಮಾರು ಮೂರು ವಾರಗಳಲ್ಲಿ ಬಿಡುಗಡೆಯಾಯಿತು. ಮುಂದೆ 1876ರಿಂದ 1880ರವರೆಗೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಲಿಟ್ಟನ್ ಈ ದಂಪತಿಗಳ ಮಗ. ಹುಚ್ಚಾಸ್ಪತ್ರೆಗಳ ವ್ಯವಸ್ಥೆಯನ್ನು ಪರಿಶೀಲಿಸಲು 1859ರಲ್ಲಿ ಸಂಸತ್ತು ಸಮಿತಿಯೊಂದನ್ನು ನೇಮಿಸಿತು. ಕಾದಂಬರಿಯ ಮೊದಲ ಕಂತು ಓದುಗರ ಕೈಸೇರಿದ್ದು ಅದೇ ವರ್ಷ.

ಇನ್ನೊಂದು ಸಂಗತಿ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಪ್ರತ್ಯೇಕವಾದ ಅಸ್ತಿತ್ವವೇ ಬಹುಮಟ್ಟಿಗೆ ಇರಲಿಲ್ಲ. ತನ್ನ ಸಂಪಾದನೆಯ ಮೇಲೆ ಅವಳಿಗೆ ಹಕ್ಕು ದೊರೆತದ್ದು 1870ರ ಕಾಯಿದೆಯಿಂದ. ಆಸ್ತಿಯ ಮೇಲಿನ ಪೂರ್ಣ ಹಕ್ಕು 1882ರ ಕಾಯಿದೆಯಿಂದ. ಹೀಗಾಗಿ ಲಾರಾಳ ಹೆಸರನ್ನು ಕದ್ದವರಿಗೆ ಅರ್ಧ ಕೆಲಸವನ್ನು ಕಾನೂನೇ ಮಾಡಿಕೊಟ್ಟಿತ್ತು.

ನಂಬಿಕೆ ಮೊದಲು, ಪುರಾವೆ ನಂತರ

ಲಾರಾಳ ಮಲಸಹೋದರಿ ಮೇರಿಯನ್ ಆಸ್ಪತ್ರೆಯಲ್ಲಿ ಅವಳನ್ನು ಕಂಡೊಡನೆ ಗುರುತು ಹಿಡಿಯುತ್ತಾಳೆ, ದಾದಿಗೆ ಹಣ ಕೊಟ್ಟು ಬಿಡಿಸಿಕೊಂಡು ಬರುತ್ತಾಳೆ. ವಾಲ್ಟರನೂ ನಂಬುತ್ತಾನೆ. ಆದರೆ ಸ್ವಂತ ಚಿಕ್ಕಪ್ಪ ಒಪ್ಪುವುದಿಲ್ಲ. ಸಂಕಟದಿಂದ ಲಾರಾಳ ನೆನಪು ಮಸುಕಾಗಿದೆ, ಮುಖ ಬಾಡಿದೆ. ಕೇವಲ ನಂಬಿಕೆಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದರೆ ಸೋಲು ಖಂಡಿತ ಎಂದು ವಕೀಲರು ತಿಳಿಹೇಳುತ್ತಾರೆ.

ಕಡೆಗೆ ಗಂಟು ಬಿಚ್ಚುವುದು ಒಂದು ತಾರೀಖು. ಮರಣಪತ್ರದ ಪ್ರಕಾರ ಲೇಡಿ ಗ್ಲೈಡ್ ಲಂಡನ್ನಿನಲ್ಲಿ ಸತ್ತದ್ದು 1850ರ ಜುಲೈ 25ರಂದು. ಆದರೆ ಅವಳು ಹಳ್ಳಿಯ ಬಂಗಲೆಯಿಂದ ಲಂಡನ್ನಿಗೆ ಹೊರಟದ್ದು 26ರಂದು ಎಂಬುದಕ್ಕೆ ಗಂಡನ ಪತ್ರವೂ ಬಾಡಿಗೆ ಗಾಡಿಯವರ ಲೆಕ್ಕದ ಪುಸ್ತಕವೂ ಸಾಕ್ಷಿಯಾಗುತ್ತವೆ. ಸತ್ತವಳು ಮರುದಿನ ಪ್ರಯಾಣ ಮಾಡುವುದುಂಟೆ? ಕಾಗದದಿಂದ ಕಳೆದುಹೋದ ಹೆಸರು ಕಾಗದದಿಂದಲೇ ಮರಳಿ ಬಂತು. ಆದರೆ ಆ ಕಾಗದಗಳನ್ನು ಯಾರಾದರೂ ಹುಡುಕಬೇಕಿತ್ತು. ನಂಬಿದವರು ಇದ್ದುದರಿಂದ ಹುಡುಕಾಟ ನಡೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಕಾದಂಬರಿ ಪುಸ್ತಕವಾಗಿ ಬಂದಾಗ, ಲೇಖಕರು ಕೊಟ್ಟಿದ್ದ ತಾರೀಖುಗಳೇ ಸುಮಾರು ಹದಿನೈದು ದಿನ ತಪ್ಪಾಗಿವೆಯೆಂದು ‘ಟೈಮ್ಸ್’ ಪತ್ರಿಕೆಯ ವಿಮರ್ಶಕರು ಲೆಕ್ಕ ಹಾಕಿ ತೋರಿಸಿದರು. ಕಾಲಿನ್ಸ್ ಅದನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಿದರು. ಓದುಗ ಎಚ್ಚರವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಬಂಗಾಳದ ಒಂದು ಹಸ್ತಮುದ್ರೆ

ರೊಸಿನಾ ಬಂಧನದಲ್ಲಿದ್ದ 1858ರಲ್ಲಿಯೇ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಒತ್ತಿಸಿಕೊಂಡರು. ಆ ಪ್ರಯೋಗದಿಂದ ಬೆಳೆದ ಬೆರಳಚ್ಚಿನ ವಿಧಾನಕ್ಕಾಗಿ 1897ರಲ್ಲಿ ಕಲ್ಕತ್ತೆಯಲ್ಲಿ ಪ್ರತ್ಯೇಕ ಕಚೇರಿ ತೆರೆಯಿತು. 1984ರಲ್ಲಿ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಗುರುತಿನ ದಾರಿ ತೋರಿಸಿದರು. ಇವು ಲಾರಾಳ ಕಾಲದಲ್ಲಿ ಇದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ ಎನಿಸಬಹುದು. ಅಷ್ಟು ಸುಲಭವಲ್ಲ. ಬೆರಳಚ್ಚು ತಾನಾಗಿ ಹೆಸರು ಹೇಳುವುದಿಲ್ಲ. ಹಿಂದೆ ಪ್ರಾಮಾಣಿಕವಾಗಿ ದಾಖಲಿಸಿಟ್ಟ ಇನ್ನೊಂದು ಅಚ್ಚಿನೊಡನೆ ಅದನ್ನು ಹೋಲಿಸಬೇಕು. ಹೋಲಿಸಿ ನೋಡೋಣ ಎಂದು ಮೊದಲು ಯಾರಿಗಾದರೂ ಅನ್ನಿಸಬೇಕು.

ಕಥೆಯ ಕೊನೆಗೆ ಸಮಾಧಿಯ ಮೇಲಿನ ಲಾರಾಳ ಹೆಸರನ್ನು ಅಳಿಸಿ ಆ್ಯನ್ ಹೆಸರನ್ನು ಕೆತ್ತುತ್ತಾರೆ. ಲಾರಾಳಿಗೆ ಮನೆ, ಹೆಸರು, ಪ್ರೀತಿ ಎಲ್ಲವೂ ದೊರೆಯುತ್ತವೆ. ಆ್ಯನ್‌ಳಿಗೆ ದೊರೆತದ್ದು ಕಲ್ಲಿನ ಮೇಲಿನ ಹೆಸರು ಮಾತ್ರ. ಅವಳನ್ನೂ ಅದೇ ಪರ್ಸಿವಲ್ ಹುಚ್ಚಿಯೆಂದು ಕೂಡಿಹಾಕಿಸಿದ್ದ. ಸಾಕಿದ ಕ್ಲೆಮೆಂಟ್ಸ್ ಎಂಬಾಕೆಯನ್ನು ಬಿಟ್ಟರೆ ಅವಳ ಮಾತಿಗೆ ಕಿವಿಗೊಟ್ಟವರು ವಿರಳ. ಅವಳು ಬದುಕಿದ್ದಾಗ ಅವಳ ಪರವಾಗಿ ಯಾರೂ ತಾರೀಖುಗಳನ್ನು ತಾಳೆ ನೋಡಲಿಲ್ಲ. ಬಡವರ ಮನೆಯ ಹೆಣ್ಣುಮಗಳಿಗೆ ಆ ಕಾಲದ ಸಮಾಜ ಎಷ್ಟು ನಂಬಿಕೆಯನ್ನು ಕೊಡಲು ಸಿದ್ಧವಿತ್ತು? ಕಾದಂಬರಿಯನ್ನು ಓದುವಾಗ ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಳ್ಳುತ್ತ ಹೋಗಿ. ಪಕ್ಕದಲ್ಲೇ, ಯಾರ ಮಾತನ್ನು ಯಾರು, ಯಾವ ಕಾರಣಕ್ಕೆ ನಂಬಿದರು ಎಂಬುದನ್ನೂ ಗುರುತು ಹಾಕಿ. ತರಗತಿಯ ಚರ್ಚೆಗೆ ಆ ಹಾಳೆಯೊಂದೇ ಸಾಕು.