ಶಂಕು: ಕಲ್ಲಿಗೂ ಮೊದಲು ಕೋಲು

ಶಂಕುಸ್ಥಾಪನೆ ಎಂದೊಡನೆ ಕಣ್ಮುಂದೆ ಬರುವುದು ಶಾಮಿಯಾನ, ಗುದ್ದಲಿ ಹಿಡಿದ ಮಂತ್ರಿ, ಹೆಸರು ಕೊರೆದ ಗ್ರಾನೈಟ್ ಕಲ್ಲು. ಆಹ್ವಾನಪತ್ರಿಕೆಯಲ್ಲಿ ಎಷ್ಟೋ ಸಲ ಅದು ‘ಶಂಖುಸ್ಥಾಪನೆ’ಯೂ ಆಗಿರುತ್ತದೆ, ಶಂಖ ಊದಿ ಶುರುಮಾಡುವ ಕೆಲಸವೇನೋ ಎಂಬಂತೆ. ಹೈಸ್ಕೂಲು ಮಕ್ಕಳನ್ನು ಕೇಳಿ: ಶಂಕು ಎಂದರೆ ಐಸ್‌ಕ್ರೀಮ್ ಕೋನಿನ ಆಕಾರ, ಅದರ ಘನಫಲದ ಸೂತ್ರ. ಈ ಇಬ್ಬರ ಕೈಗೆ ಸಿಗುವ ಮೊದಲು ಶಂಕು ಬರೀ ಒಂದು ಗೂಟ. ಬಿಸಿಲಲ್ಲಿ ನೆಟ್ಟಗೆ ನಿಂತು ದಿಕ್ಕು ಹೇಳುವುದು ಅದರ ಕಸುಬು.

ಕಾತ್ಯಾಯನ ಶುಲ್ಬಸೂತ್ರದಲ್ಲಿ ಆ ಕಸುಬಿನ ವಿವರವಿದೆ. ಮಟ್ಟಸ ನೆಲದಲ್ಲಿ ಶಂಕು ನೆಟ್ಟು, ಅದರಷ್ಟೇ ಉದ್ದದ ಹಗ್ಗದಿಂದ ಸುತ್ತ ವೃತ್ತ ಎಳೆಯಬೇಕು. ಬೆಳಿಗ್ಗೆ ವೃತ್ತದಾಚೆ ಚಾಚಿದ್ದ ನೆರಳು ಕುಗ್ಗುತ್ತಾ ಬಂದು, ತುದಿ ಗೆರೆ ಮುಟ್ಟಿದಲ್ಲಿ ಒಂದು ಗುರುತು. ಮಧ್ಯಾಹ್ನ ಕಳೆದು ನೆರಳು ಮತ್ತೆ ಬೆಳೆದು ಗೆರೆ ಮುಟ್ಟಿದಲ್ಲಿ ಇನ್ನೊಂದು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಯಜ್ಞವೇದಿಗೆ ಹೀಗೆ ದಿಕ್ಕು ಗೊತ್ತಾದ ಮೇಲೆಯೇ ಮುಂದಿನ ಅಳತೆ.

ಸೂರ್ಯ ಹುಟ್ಟುವ ಕಡೆ ಪೂರ್ವ ತಾನೇ, ಇಷ್ಟು ರಗಳೆ ಯಾಕೆ ಎನ್ನಬಹುದು. ಅವನು ನೇರ ಪೂರ್ವದಲ್ಲಿ ಹುಟ್ಟುವುದು ಹಗಲಿರುಳು ಸಮವಾಗುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಜೂನ್ 21ರ ಸುಮಾರಿಗೆ 24 ಡಿಗ್ರಿಯಷ್ಟು ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ನಡುಹಗಲ ನೆರಳು ಉತ್ತರಕ್ಕೆ ಬೀಳುತ್ತದೆಂಬ ಮಾತೂ ನಮ್ಮಲ್ಲಿ ವರ್ಷವಿಡೀ ನಡೆಯದು. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನ ನಡುಹಗಲಲ್ಲಿ ಕೋಲಿಗೆ ನೆರಳೇ ಇಲ್ಲ; ಅಲ್ಲಿಂದ ಆಗಸ್ಟ್ 18ರ ತನಕ ಅದು ಬೀಳುವುದು ದಕ್ಷಿಣಕ್ಕೆ. ಎರಡು ಗುರುತಿನ ಲೆಕ್ಕಕ್ಕೆ ಈ ಯಾವ ತಕರಾರೂ ಇಲ್ಲ.

ಸೂರ್ಯಸಿದ್ಧಾಂತದ ಹೊತ್ತಿಗೆ ಶಂಕು 12 ಅಂಗುಲಕ್ಕೆ ನಿಂತಿತು. ಹಗಲಿರುಳು ಸಮವಾದ ದಿನ ನಡುಹಗಲಲ್ಲಿ ಅದರ ನೆರಳು ಅಳೆದರೆ ಊರಿನ ಅಕ್ಷಾಂಶವೇ ಸಿಗುತ್ತದೆ: ಬೆಂಗಳೂರಿನಲ್ಲಿ ಸುಮಾರು ಎರಡೂಮುಕ್ಕಾಲು ಅಂಗುಲ, ಅಂದರೆ 13 ಡಿಗ್ರಿ. ದಿಕ್ಕು ಹೇಳುವ ಗೂಟ ಜಾಗವನ್ನೂ ಹೇಳಿತು.

ಚಾರಣದಲ್ಲಿ ಫೋನಿನ ಚಾರ್ಜು ಮುಗಿದವರು ದಿನವಿಡೀ ಕಾಯಬೇಕಿಲ್ಲ. ಕೈಗೆ ಸಿಕ್ಕ ಕಡ್ಡಿ ನೆಟ್ಟು, ನೆರಳಿನ ತುದಿಗೊಂದು ಕಲ್ಲಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ಮತ್ತೊಂದು ಇಟ್ಟರಾಯಿತು. ಎರಡನೇ ಕಲ್ಲಿನ ಕಡೆ ಪೂರ್ವ. ನಡುಹಗಲ ಹತ್ತಿರ ಇದು ಹೆಚ್ಚು ನಂಬಿಕಸ್ಥ, ಬೆಳಿಗ್ಗೆ-ಸಂಜೆ ಕೊಂಚ ವಾಲುತ್ತದೆ. ಶಂಕುವಿಗೆ ಶತ್ರು ಒಂದೇ, ಆಷಾಢದ ಮೋಡ. ಅಂದು ಮಾತ್ರ ದನ ಕಾಯುವವರು ಸಿಕ್ಕರೆ ಕೇಳಿಬಿಡುವುದೇ ವಾಸಿ.