ಅಂಕ, ಜೆಟ್ಟಿ, ವಜ್ರಮುಷ್ಟಿ: ಕನ್ನಡ ನಾಡಿನ ಹಿಂಸಾವಿನೋದಗಳು

‘ಸಮಾಜ’ವೆಂಬ ಶಬ್ದವನ್ನು ಇಂದು ಜನಸಮುದಾಯವೆಂಬ ಅರ್ಥದಲ್ಲಿ ಬಳಸುವುದು ರೂಢಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅದಕ್ಕೆ ಬೇರೊಂದು ಅರ್ಥವಿದ್ದಿತು. ಅಶೋಕನ ಮೊದಲನೆಯ ಬಂಡೆಶಾಸನದಲ್ಲಿ ‘ಸಮಾಜ’ವೆಂದರೆ ಉತ್ಸವಕ್ಕಾಗಿ, ನೋಟಕ್ಕಾಗಿ ನೆರೆದ ಕೂಟ. ಅಂಥ ಕೂಟಗಳಲ್ಲಿ ಹಲವು ದೋಷಗಳನ್ನು ಕಂಡ ಚಕ್ರವರ್ತಿಯು ಅವನ್ನು ನಿಷೇಧಿಸಿದನು. ಕೆಲವು ಬಗೆಯ ಸಮಾಜಗಳು ಒಳ್ಳೆಯವೆಂದು ಅದೇ ಶಾಸನದಲ್ಲಿ ಒಪ್ಪಿಕೊಂಡನು. ನಿಷಿದ್ಧವಾದ ಕೂಟಗಳು ಯಾವುವೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಪಾಲಿಯ ದೀಘನಿಕಾಯವು ಬುದ್ಧನು ದೂರವಿರಿಸಿದ ನೋಟಗಳನ್ನು ಎಣಿಸುವಾಗ ಆನೆ, ಕುದುರೆ, ಕೋಣ, ಹೋರಿ, ಟಗರು, ಕೋಳಿಗಳ ಕಾಳಗಗಳನ್ನೂ, ಮನುಷ್ಯರ ದಂಡಯುದ್ಧ, ಮುಷ್ಟಿಯುದ್ಧ, ಮಲ್ಲಯುದ್ಧಗಳನ್ನೂ ಹೆಸರಿಸುತ್ತದೆ. ಹಿಂಸೆಯನ್ನು ನೋಡಿ ನಲಿಯುವ ಅಭ್ಯಾಸವೂ ಅದರ ವಿಷಯದಲ್ಲಿ ತಳೆದ ಶಂಕೆಯೂ ಈ ದೇಶದಲ್ಲಿ ಎರಡೂ ಹಳೆಯವೇ. ಕನ್ನಡ ನಾಡಿನಲ್ಲಿ ಈ ಅಭ್ಯಾಸವು ಯಾವ ರೂಪಗಳನ್ನು ತಾಳಿತು, ಅದಕ್ಕೆ ಯಾವ ಕಟ್ಟುಗಳು ಬಿದ್ದವು ಎಂಬುದು ವಿಚಾರಾರ್ಹವಾದ ಸಂಗತಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅವುಗಳಲ್ಲಿ ಇಪ್ಪತ್ತು ಅರಸನ ವಿನೋದಗಳಿಗೆ ಮೀಸಲು. ಗೀತ, ವಾದ್ಯ, ನೃತ್ಯ, ಕಥೆಗಳಿರುವ ಅದೇ ಪಟ್ಟಿಯಲ್ಲಿ ಕೋಳಿ, ಟಗರು, ಕೋಣಗಳ ಕಾಳಗಗಳೂ ಮಲ್ಲವಿನೋದವೂ ಅಂಕವಿನೋದವೂ ಸೇರಿವೆ. ಅಂಕವಿನೋದವೆಂದರೆ ಶಸ್ತ್ರಧಾರಿಗಳು ಅರಸನ ಸಮ್ಮುಖದಲ್ಲಿ ನಡೆಸುವ ದ್ವಂದ್ವಕಾಳಗ. ಅಂಥ ಕಾಳಗದ ಕಲಿಯನ್ನು ಕನ್ನಡದಲ್ಲಿ ‘ಅಂಕಕಾರ’ನೆಂದು ಕರೆದರು, ಆ ಮಾತು ಶಾಸನಗಳಲ್ಲಿ ಬಿರುದುಗಳ ಅಂಗವಾಗಿಯೂ ಬರುತ್ತದೆ. ಮಲ್ಲರನ್ನು ವರ್ಗೀಕರಿಸುವಾಗ ಸೋಮೇಶ್ವರನು ‘ಜ್ಯೇಷ್ಠಿಕ’ನೆಂಬ ಹೆಸರನ್ನು ಹೇಳುತ್ತಾನೆ. ‘ಜೆಟ್ಟಿ’ ಎಂಬ ಕನ್ನಡದ ಮಾತಿನ ಮೂಲವೂ ಈ ‘ಜ್ಯೇಷ್ಠ’ ಶಬ್ದವೇ. ಇಲ್ಲಿ ಗಮನಿಸಬೇಕಾದುದು ಪಟ್ಟಿಯ ಕ್ರಮವನ್ನಲ್ಲ, ಪಟ್ಟಿಯ ಸ್ವಭಾವವನ್ನು. ಹಾಡು ಹಸೆಗಳ ಸಾಲಿನಲ್ಲಿ ಕತ್ತಿಯ ಕಾಳಗಕ್ಕೂ ಒಂದು ಸ್ಥಾನ ದೊರೆತೊಡನೆ ಪ್ರಾಣದ ಪ್ರಶ್ನೆಯು ಅಭಿರುಚಿಯ ಪ್ರಶ್ನೆಯಾಗಿ ಮಾರ್ಪಡುತ್ತದೆ.

ನಾಲ್ಕು ಶತಮಾನಗಳ ಬಳಿಕ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಬರಹಗಳು ಈ ಚಿತ್ರವನ್ನು ಹೊರಗಿನವರ ಕಣ್ಣಿನಿಂದ ತೋರಿಸುತ್ತವೆ. ಕ್ರಿ.ಶ. ೧೫೨೦ರ ಸುಮಾರಿಗೆ ಮಹಾನವಮಿಯನ್ನು ನೋಡಿದ ಡೊಮಿಂಗೊ ಪಾಯೆಸನು ಅಲ್ಲಿನ ಮಲ್ಲಯುದ್ಧವು ತನ್ನ ದೇಶದ ಕುಸ್ತಿಯಂತಲ್ಲವೆಂದು ಬರೆದಿದ್ದಾನೆ. ಹೊಡೆತಗಳಿಗೆ ಹಲ್ಲುಗಳು ಮುರಿಯುತ್ತಿದ್ದವು, ಕಣ್ಣುಗಳು ಹೋಗುತ್ತಿದ್ದವು, ಮುಖಗಳು ವಿಕಾರವಾಗುತ್ತಿದ್ದವು. ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೂ ಅದು ಅಂಕೆಯಿಲ್ಲದ ಬಡಿದಾಟವಾಗಿರಲಿಲ್ಲ. ಎದುರಾಳಿಗಳನ್ನು ಸಮಸಮವಾಗಿ ನಿಲ್ಲಿಸಿ, ಗೆದ್ದವನ ಗೌರವವನ್ನು ನಿರ್ಣಯಿಸುವುದಕ್ಕೆ ನಾಯಕರೂ ತೀರ್ಪುಗಾರರೂ ಇದ್ದರು. ಕೃಷ್ಣದೇವರಾಯನೂ ಪ್ರತಿದಿನ ಬೆಳಗಾಗುವ ಮುನ್ನ ಸಾಮು ಮಾಡಿ, ತನ್ನ ಜೆಟ್ಟಿಯೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಪಾಯೆಸನೇ ತಿಳಿಸುತ್ತಾನೆ.

ಕ್ರಿ.ಶ. ೧೫೩೫ರ ಸುಮಾರಿನ ಫೆರ್ನಾವೊ ನೂನಿಜನ ವರದಿ ಇನ್ನೂ ಮಹತ್ತ್ವದ್ದು. ಮಹಾನವಮಿಯ ಜೆಟ್ಟಿಗಳು ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು; ಹೆಚ್ಚು ಗಾಯಗೊಂಡವನು ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು. ದ್ವಂದ್ವಯುದ್ಧದ ವಿಷಯದಲ್ಲಿ ಅವನು ಹೇಳುವ ಸಂಗತಿಗಳು ಎರಡು. ಕಾದಾಡಿದವರಿಗೆ ದೊಡ್ಡ ಮರ್ಯಾದೆ ಸಲ್ಲುತ್ತಿದ್ದಿತು ಮತ್ತು ಸತ್ತವನ ಆಸ್ತಿಯನ್ನು ಬದುಕುಳಿದವನಿಗೆ ಕೊಡುತ್ತಿದ್ದರು ಎಂಬುದು ಒಂದು. ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ದ್ವಂದ್ವಕ್ಕಿಳಿಯುವಂತಿರಲಿಲ್ಲ, ಆದರೆ ಕೇಳಿದೊಡನೆ ಮಂತ್ರಿಯು ಅಪ್ಪಣೆ ಕೊಡುತ್ತಿದ್ದನು ಎಂಬುದು ಇನ್ನೊಂದು.

ಈ ವಿವರಗಳು ಚಿಕ್ಕವಾದರೂ ಹಿಂಸಾವಿನೋದವು ಸಮಾಜದ ಮೇಲೆ ಮಾಡುವ ಪರಿಣಾಮವೆಲ್ಲ ಅವುಗಳಲ್ಲಿ ಅಡಗಿದೆ. ಗಾಯಕ್ಕೆ ಬಹುಮಾನ ದೊರೆಯುವಲ್ಲಿ ಗಾಯವೇ ಬಡವನ ಬಂಡವಾಳವಾಗುವುದು. ಸತ್ತವನ ಸ್ವತ್ತು ಕೊಂದವನಿಗೆ ಸೇರುವಲ್ಲಿ ಮಾನದ ಕಾಳಗಕ್ಕೂ ಲಾಭದ ಕಾಳಗಕ್ಕೂ ನಡುವಣ ಗೆರೆ ಅಳಿಸಿಹೋಗುವುದು. ಮಡಿದವನ ಹೆಂಡತಿ ಮಕ್ಕಳ ಪಾಡೇನಾಯಿತೆಂಬುದನ್ನು ನೂನಿಜನು ಬರೆದಿಲ್ಲ. ನೋಟಕ್ಕೆ ನೆರೆದವರ ಲೆಕ್ಕದಲ್ಲಿ ಆ ಬಾಬತ್ತು ಬರುವುದೂ ಇಲ್ಲ. ಇನ್ನು, ಎಂದೂ ನಿರಾಕರಣೆಯಾಗದ ಅಪ್ಪಣೆಯು ಅಂಕೆಯಲ್ಲ, ಬರಿಯ ಮುದ್ರೆ. ಅದರಿಂದ ಕಾಳಗವು ನಿಲ್ಲದು. ಪ್ರಭುತ್ವವು ಅದಕ್ಕೆ ಸಾಕ್ಷಿಯಾಗುವುದಷ್ಟೇ. ಪಾಯೆಸನು ಕಂಡ ತೀರ್ಪುಗಾರರು ಸ್ಪರ್ಧೆಯನ್ನು ನ್ಯಾಯವಾಗಿ ನಡೆಸಿದರೇ ಹೊರತು ಮಿತವಾಗಿ ನಡೆಸಲಿಲ್ಲ. ನ್ಯಾಯ ಬೇರೆ, ಮಿತಿ ಬೇರೆ.

ಮಿತಿಯು ಹೇಗೆ ಬರಬಹುದೆಂಬುದಕ್ಕೆ ಉದಾಹರಣೆ ಇದೇ ಪರಂಪರೆಯಲ್ಲಿ ಉಂಟು. ವಿಜಯನಗರದ ಮಹಾನವಮಿಯ ವೈಭವವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವು ನೂನಿಜನ ಮೊನೆಬಳೆಗಳ ಕಾಳಗವನ್ನು ಬಹುಮಟ್ಟಿಗೆ ಹೋಲುತ್ತದೆ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಅಖಾಡಕ್ಕೆ ಇಳಿಯುತ್ತಾರೆ. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಅಲ್ಲಿ ಹೆಚ್ಚು ಗಾಯಗೊಂಡವನನ್ನು ಹುಡುಕುವ ಪ್ರಮೇಯವೇ ಇಲ್ಲ. ಮೊದಲ ಹನಿಯೇ ಕೊನೆಯ ಹನಿ. ಹಿಂಸೆಯು ಇಲ್ಲಿ ಪೂರ್ತಿಯಾಗಿ ಹೋಗಿಲ್ಲ, ನಿಜ. ಆದರೆ ನೆರೆದವರ ಕೂಗಿಗೆ ಅನುಸಾರವಾಗಿ ಅದು ಬೆಳೆಯಲಾರದು. ನಿಲ್ಲುವ ಸ್ಥಳವು ಆರಂಭಕ್ಕೆ ಮುನ್ನವೇ ಗೊತ್ತಾಗಿರುತ್ತದೆ, ಅದನ್ನು ಮೀರುವ ಅಧಿಕಾರವು ನೋಟಕನಿಗೆ ಇಲ್ಲ.

ಕರಾವಳಿಯಲ್ಲಿ ‘ಅಂಕ’ವೆಂಬ ಹಳೆಯ ಮಾತು ಇಂದಿಗೂ ಬಳಕೆಯಲ್ಲಿದೆ, ಆದರೆ ಅದು ಮನುಷ್ಯರನ್ನು ಬಿಟ್ಟು ಕೋಳಿಗಳಿಗೆ ಇಳಿದಿದೆ. ದೈವಸ್ಥಾನದ ನೇಮ, ಊರಿನ ಜಾತ್ರೆಗಳೊಡನೆ ಬೆಳೆದುಬಂದ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಸಣ್ಣ ಕತ್ತಿಯನ್ನು ಕಟ್ಟುವರು. ಸೋತ ಕೋಳಿಯು ಗೆದ್ದ ಕೋಳಿಯ ಒಡೆಯನಿಗೆ ಸೇರುವುದು. ಸತ್ತವನ ಸ್ವತ್ತು ಉಳಿದವನಿಗೆಂಬ ವಿಜಯನಗರದ ಕಟ್ಟಳೆಯ ನೆರಳನ್ನು ಇಲ್ಲಿ ಕಾಣಬಹುದು. ಇದರ ಮೇಲೆ ಪಣದ ಹಣವೂ ಸೇರಿದಾಗ, ದೈವದ ಹೆಸರಿನಲ್ಲಿ ಮೊದಲಾದುದು ಜೂಜಿನ ಕೈಗೆ ಬೀಳುವುದು ಕಷ್ಟವಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯು ಅಪರಾಧವೆಂದು ಸಾರಿತು. ಆದರೂ ಪಣದ ಆಸೆಯಿರುವವರೆಗೆ ಕಾಯಿದೆಯೊಂದರಿಂದಲೇ ಅಂಕದ ಕಣ ಬರಿದಾಗದು.

ಇಂದು ಹಿಂಸಾವಿನೋದದ ದೊಡ್ಡ ಕಣವು ಚಲನಚಿತ್ರದ ಪರದೆ. ಅಲ್ಲಿ ಚೆಲ್ಲುವುದು ನಿಜವಾದ ರಕ್ತವಲ್ಲವೆಂಬ ಭೇದವು ಅಲ್ಪವಾದುದಲ್ಲ; ಅಂಕಕಾರನ ಮನೆಯ ಶೋಕವು ನಟನ ಮನೆಗೆ ಬಾರದು. ಆದರೆ ನೋಟಕನ ಮಟ್ಟಿಗೆ ಹಳೆಯ ಪ್ರಶ್ನೆಗಳು ಹಾಗೆಯೇ ಉಳಿದಿವೆ. ೧೯೫೨ರ ಚಲನಚಿತ್ರ ಕಾಯಿದೆಗೆ ೨೦೨೩ರಲ್ಲಿ ತಂದ ತಿದ್ದುಪಡಿಯು ಮಕ್ಕಳ ನೋಟಕ್ಕೆ ಏಳು, ಹದಿಮೂರು, ಹದಿನಾರು ವರ್ಷಗಳೆಂಬ ಮೂರು ಮೆಟ್ಟಿಲುಗಳನ್ನು ಗೊತ್ತುಮಾಡಿತು. ಇದು ಅಂಕೆಯೋ ನೂನಿಜನು ಕಂಡ ಮಂತ್ರಿಯ ಮುದ್ರೆಯೋ ಎಂಬುದು ಮನೆಮನೆಯ ಹಿರಿಯರು ಅದನ್ನು ಪಾಲಿಸುವ ರೀತಿಯನ್ನು ಅವಲಂಬಿಸಿದೆ.

ಕನ್ನಡ ನಾಡಿನ ಚರಿತ್ರೆಯು ಹಿಂಸಾವಿನೋದವನ್ನು ಅಳೆಯಲು ಮೂರು ಅಳತೆಗಳನ್ನು ಕೊಡುತ್ತದೆ: ಬಹುಮಾನವು ಯಾವುದಕ್ಕೆ ಸಲ್ಲುತ್ತದೆ, ಆಟವು ಎಲ್ಲಿ ನಿಲ್ಲುತ್ತದೆ, ಬೇಡವೆನ್ನುವ ಅಧಿಕಾರವುಳ್ಳವನು ಅದನ್ನು ಎಂದಾದರೂ ಚಲಾಯಿಸುತ್ತಾನೆಯೆ? ಅಶೋಕನು ಕೆಲವು ಸಮಾಜಗಳನ್ನು ಒಪ್ಪಿ ಕೆಲವನ್ನು ತಡೆದುದರಲ್ಲಿಯೂ ಇಂಥ ವಿವೇಕವೇ ಇದ್ದಿರಬೇಕು. ನೋಟಕ್ಕೆ ನೆರೆದ ಕೂಟದ ಹೆಸರೇ ಇಂದು ಸಮಸ್ತ ಜನಜೀವನದ ಹೆಸರಾಗಿದೆ. ಆದುದರಿಂದ ಕೂಟವು ಏನನ್ನು ನೋಡಿ ನಲಿಯುತ್ತದೆಂಬುದು ಕೇವಲ ವಿನೋದದ ವಿಷಯವಲ್ಲ.